ಸ್ಟೋಕಾಸ್ಟಿಕ್ಸ್ ಸೆಮಿನಾರಿನಲ್ಲಿ ಟಾಕ್ ಕೊಡುವುದು ಹೇಗೆ?

ಸ್ಟೋಕಾಸ್ಟಿಕ್ಸ್ ಅಂದರೆ ಯಾದೃಚ್ಛಿಕತೆಯ ಗಣಿತ. ಅದರ ಸೆಮಿನಾರಿಗೆ ಟಾಕ್ ತಯಾರಿ ಅಂದ ಕೂಡಲೇ ಹೆಚ್ಚಿನವರು ಪೇಪರ್ ತೆರೆದು ಅದರ ವಿಭಾಗಗಳನ್ನೇ ಒಂದೊಂದಾಗಿ ಸ್ಲೈಡಿಗೆ ಇಳಿಸಲು ಶುರು ಮಾಡುತ್ತಾರೆ. ಮೊದಲು ಪ್ರಾಬಬಿಲಿಟಿ ಸ್ಪೇಸ್, ಆಮೇಲೆ ಫಿಲ್ಟ್ರೇಶನ್, ಆಮೇಲೆ ಏಳೆಂಟು ಷರತ್ತುಗಳು. ಅಷ್ಟು ಹೊತ್ತಿಗೆ ಇಪ್ಪತ್ತು ನಿಮಿಷ ಹೋಗಿರುತ್ತದೆ, ಕೇಳುವವರೂ ಹೋಗಿರುತ್ತಾರೆ. ಪೇಪರ್ ಓದುವವರು ಹಿಂದಿನ ಪುಟ ತಿರುಗಿಸಿ ನೋಡಬಹುದು. ಎದುರು ಕೂತವರಿಗೆ ಆ ಅನುಕೂಲ ಇಲ್ಲ, ಅಲ್ವಾ? ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟು: ನಿಮ್ಮ ಫಲಿತಾಂಶ ಜೀವಂತವಾಗಿ ಕಾಣುವ ಅತಿ ಚಿಕ್ಕ ಉದಾಹರಣೆ ಹುಡುಕಿ, ಇಡೀ ಟಾಕನ್ನು ಅದರ ಮೇಲೆ ಕಟ್ಟಿ.

ನಿಮ್ಮ ಕೆಲಸ ಅಪರೂಪದ ಘಟನೆಗಳ ಬಗ್ಗೆ ಅಂತಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಎರಡು ಗುಂಡಿ, ನಡುವೆ ಒಂದು ದಿಬ್ಬ ಇರುವ ಪೊಟೆನ್ಶಿಯಲ್, ಅಂದರೆ ಕಣದ ಶಕ್ತಿಯ ರೇಖೆ, ಬರೆಯಿರಿ. ಎಕ್ಸ್‌ನ ನಾಲ್ಕನೇ ಘಾತದ ಕಾಲು ಭಾಗದಿಂದ ಎಕ್ಸ್ ವರ್ಗದ ಅರ್ಧ ಕಳೆದರೆ ಸಾಕು. ಗುಂಡಿಗಳು ಮೈನಸ್ 1 ಮತ್ತು 1ರಲ್ಲಿ ಬರುತ್ತವೆ, ಗುಂಡಿಯಿಂದ ದಿಬ್ಬದ ಎತ್ತರ 1/4. ನಾಯ್ಸ್ ಇಲ್ಲದಿದ್ದರೆ ಎಡಗುಂಡಿಯ ಕಣ ಎಷ್ಟು ಕಾದರೂ ಅಲ್ಲೇ ಇರುತ್ತದೆ. ಸ್ವಲ್ಪ ಬ್ರೌನಿಯನ್ ನಾಯ್ಸ್ (ಎಡೆಬಿಡದ ಸಣ್ಣ ಯಾದೃಚ್ಛಿಕ ತಳ್ಳಾಟ) ಸೇರಿಸಿದರೆ ಯಾವತ್ತೋ ಒಮ್ಮೆ ದಿಬ್ಬ ಹತ್ತಿ ಆಚೆ ಇಳಿಯುತ್ತದೆ. ಎಷ್ಟು ಸಮಯ ಬೇಕು? ಭೌತವಿಜ್ಞಾನಿ ಕ್ರಾಮರ್ಸ್ 1940ರಲ್ಲಿ ಇದಕ್ಕೆ ಸೂತ್ರ ಕೊಟ್ಟರು: ನಾಯ್ಸ್‌ನ ಗುಣಕ, ಅಂದರೆ ಅದರ ಬಲ, ಸಿಗ್ಮಾ ಅನ್ನಿ; ದಿಬ್ಬದ ಎತ್ತರದ ಎರಡರಷ್ಟನ್ನು ಸಿಗ್ಮಾ ವರ್ಗದಿಂದ ಭಾಗಿಸಿ, ಸರಾಸರಿ ಸಮಯ ಆ ಸಂಖ್ಯೆಯ ಎಕ್ಸ್‌ಪೊನೆನ್ಶಿಯಲ್‌ನಂತೆ ಬೆಳೆಯುತ್ತದೆ. ಸೂತ್ರ ಬರೆದು ಮುಂದೆ ಹೋಗಬೇಡಿ, ಸಂಖ್ಯೆ ಹಾಕಿ ತೋರಿಸಿ. ಸಿಗ್ಮಾ 0.5 ಇದ್ದರೆ ಘಾತಾಂಕ 2, ಸಿಗ್ಮಾ 0.25 ಆದರೆ 8. ಅಂದರೆ ಸೂತ್ರದ ಪ್ರಕಾರ ನಾಯ್ಸ್ ಅರ್ಧಕ್ಕೆ ಇಳಿದರೆ ಕಾಯುವ ಸಮಯ ಸುಮಾರು 400 ಪಟ್ಟು ಜಾಸ್ತಿ! ಸುಮ್ನೆ ಸಿಮ್ಯುಲೇಟ್ ಮಾಡುತ್ತಾ ಕೂತರೆ ಯಾಕೆ ಆಗುವುದಿಲ್ಲ ಅಂತ ಈಗ ಯಾರಿಗೂ ವಿವರಿಸಬೇಕಿಲ್ಲ. ನಿಮ್ಮ ಹೊಸ ವಿಧಾನಕ್ಕೆ ಕೇಳುವವರೇ ಕಾಯುತ್ತಿರುತ್ತಾರೆ.

ಈ ಉದಾಹರಣೆಯಲ್ಲಿ ಇನ್ನೊಂದು ಲಾಭ ಇದೆ. ನಾಯ್ಸ್‌ನ ಗುಣಕ ಸ್ಥಿರವಾಗಿರುವುದರಿಂದ ನಾಯ್ಸ್ ಇರುವ ಸಮೀಕರಣಕ್ಕೆ ಅರ್ಥ ಕೊಡುವ ಇಟೋ ಮತ್ತು ಸ್ಟ್ರಾಟೊನೊವಿಚ್ ಎಂಬ ಎರಡು ರೀತಿಗಳೂ ಒಂದೇ, ಆ ಚರ್ಚೆಯನ್ನು ಮುಂದಕ್ಕೆ ಹಾಕಬಹುದು. ಗುಣಕ ಎಕ್ಸ್ ಮೇಲೆ ನಿಂತಿದ್ದರೆ ಮಾತ್ರ ಯಾವ ಅರ್ಥದಲ್ಲಿ ಬರೆದಿದ್ದೀರಿ ಅಂತ ಸಮೀಕರಣ ಬರೆದ ಕ್ಷಣದಲ್ಲೇ ಹೇಳಿಬಿಡಿ. ಸಭೆಯಲ್ಲಿ ಭೌತಶಾಸ್ತ್ರದವರು ಇದ್ದರೆ ಅವರು ಬಹಳ ಸಲ ಸ್ಟ್ರಾಟೊನೊವಿಚ್ ಅಂದುಕೊಂಡು ಓದುತ್ತಿರುತ್ತಾರೆ, ಅವರಿಗೆ ನಿಮ್ಮ ಡ್ರಿಫ್ಟ್ (ಸಮೀಕರಣದ ನಾಯ್ಸ್ ಇಲ್ಲದ ಭಾಗ) ತಪ್ಪಾಗಿ ಕಾಣುತ್ತದೆ.

ಆದರೆ ಎಲ್ಲ ಪ್ರಮೇಯಕ್ಕೂ ಇದೇ ಉದಾಹರಣೆ ಹೊಂದುವುದಿಲ್ಲ. ಇಂಥ ಸಮೀಕರಣವನ್ನು ಸಣ್ಣ ಹೆಜ್ಜೆಗಳಲ್ಲಿ ಬಿಡಿಸುವ ಆಯ್ಲರ್–ಮರುಯಾಮ ವಿಧಾನದ ಸ್ಟ್ರಾಂಗ್ ಆರ್ಡರ್ (ಹೆಜ್ಜೆ ಚಿಕ್ಕದಾದಂತೆ ಪಾಥ್‌ನ ಎರರ್ ಕುಗ್ಗುವ ವೇಗ) 1/2 ಅಂತ ಗ್ರಾಫಿನಲ್ಲಿ ತೋರಿಸಬೇಕು ಅನ್ನಿ. ಗುಣಕ ಸ್ಥಿರವಾಗಿದ್ದರೆ ಅದು ಹೆಚ್ಚು ನಿಖರವಾದ ಮಿಲ್‌ಸ್ಟೈನ್ ವಿಧಾನವೇ ಆಗಿಬಿಡುತ್ತದೆ, ಲಾಗ್-ಲಾಗ್ ಗ್ರಾಫಿನಲ್ಲಿ ಇಳಿಜಾರು 1 ಬರುತ್ತದೆ, ನಿಮ್ಮ ಮಾತಿಗೂ ಚಿತ್ರಕ್ಕೂ ತಾಳ ತಪ್ಪುತ್ತದೆ. ಅಲ್ಲಿ ಗುಣಕ ಎಕ್ಸ್ ಜೊತೆ ಬದಲಾಗುವ ಜಿಯೋಮೆಟ್ರಿಕ್ ಬ್ರೌನಿಯನ್ ಚಲನೆ ತೆಗೆದುಕೊಳ್ಳಿ, ಅದರ ನಿಖರ ಪರಿಹಾರ ಗೊತ್ತಿದೆ, ಹೋಲಿಕೆ ಸುಲಭ. ಹೋಲಿಸುವಾಗ ಎರಡಕ್ಕೂ ಅದೇ ಬ್ರೌನಿಯನ್ ಪಾಥ್ ಬಳಸಬೇಕು, ಬೇರೆ ಬೇರೆ ಪಾಥ್ ಹಾಕಿದರೆ ನೀವು ಅಳೆಯುತ್ತಿರುವುದು ಸ್ಟ್ರಾಂಗ್ ಎರರ್ ಅಲ್ಲವೇ ಅಲ್ಲ. ವೀಕ್ ಆರ್ಡರ್ (ಸರಾಸರಿಗಳ ಎರರ್ ಕುಗ್ಗುವ ವೇಗ) 1 ಅಂತ ಹೇಳುತ್ತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ, ಯಾಕೆಂದರೆ ಬರೀ "ಕನ್ವರ್ಜ್ ಆಗುತ್ತದೆ" ಅಂದರೆ ಅರ್ಧ ಜನ ಒಂದು, ಇನ್ನರ್ಧ ಜನ ಇನ್ನೊಂದು ತಿಳಿದುಕೊಳ್ಳುತ್ತಾರೆ.

ಗ್ರಾಫಿನಲ್ಲಿ ಎರರ್ ಬಾರ್ ಇಲ್ಲದೆ ಮಾಂಟೆ ಕಾರ್ಲೋ (ಅನೇಕ ಸ್ಯಾಂಪಲ್‌ಗಳ ಸರಾಸರಿಯಿಂದ ಲೆಕ್ಕ ಹಾಕಿದ) ಫಲಿತಾಂಶ ತೋರಿಸಬೇಡಿ, ದಯವಿಟ್ಟು. ಸ್ಯಾಂಪಲ್ ಸಂಖ್ಯೆಯ ವರ್ಗಮೂಲದಷ್ಟೇ ನಿಖರತೆ ಹೆಚ್ಚುತ್ತದೆ, ಇನ್ನೊಂದು ದಶಮಾಂಶ ಅಂಕೆ ಬೇಕಿದ್ದರೆ 100 ಪಟ್ಟು ಸ್ಯಾಂಪಲ್ ಬೇಕು. ಹಾಗಾಗಿ ಎರಡು ಗೆರೆಗಳ ನಡುವಿನ ಸಣ್ಣ ಅಂತರ ನಿಜವಾದ್ದೋ ಬರೀ ಗದ್ದಲವೋ ಅನ್ನುವುದು ಬಾರ್ ಇಲ್ಲದೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಷಗಳ ಮೇಲೆ ಹೆಸರು ಬರೆಯಿರಿ, ಹೋಲಿಕೆಗೆ ನಿರೀಕ್ಷಿತ ಇಳಿಜಾರಿನ ಒಂದು ಚುಕ್ಕಿ ಗೆರೆ ಹಾಕಿ.

ಪ್ರೂಫ್ ವಿಷಯಕ್ಕೆ ಬಂದರೆ, ಪೂರ್ತಿ ಪ್ರೂಫ್ ಯಾರಿಗೂ ಬೇಡ, ಆದರೆ ಪ್ರೂಫೇ ಇಲ್ಲದ ಟಾಕ್ ನನಗಂತೂ ಸಪ್ಪೆ. ಎಲ್ಲ ಕೆಲಸ ನಡೆಯುವ ಒಂದು ಹೆಜ್ಜೆ ಇರುತ್ತದೆ: ಇಟೋ ಸೂತ್ರ (ಇಂಥ ಸಮೀಕರಣಗಳ ಚೈನ್ ರೂಲ್) ಹಾಕಿದ ಮೇಲೆ ಮಾರ್ಟಿಂಗೇಲ್ ಪದ (ಬರೀ ನಾಯ್ಸ್‌ನಿಂದ ಬರುವ ಭಾಗ) ಸರಾಸರಿಯಲ್ಲಿ ಮಾಯವಾಗುವ ಜಾಗ, ಅಥವಾ ಎರರ್ ಎಷ್ಟು ಬೆಳೆಯಬಹುದು ಅಂತ ಮಿತಿ ಹಾಕುವ ಗ್ರೋನ್‌ವಾಲ್ ಅಸಮಾನತೆ ಕೆಲಸ ಮಾಡದೆ ಹೊಸ ಉಪಾಯ ಬೇಕಾದ ಜಾಗ. ಆ ಒಂದನ್ನು ಬೋರ್ಡಿನ ಮೇಲೆ ನಿಧಾನವಾಗಿ ಬರೆಯಿರಿ. ಸ್ಲೈಡಿನಲ್ಲಿ ಮಾತಾಡುವವರು ಬಾಣದಂತೆ ಓಡುತ್ತಾರೆ. ಬೋರ್ಡಿನಲ್ಲಿ ಕೈಯ ವೇಗಕ್ಕೆ ಕಟ್ಟುಬೀಳಲೇಬೇಕು, ಅದೇ ಕೇಳುವವರಿಗೆ ಉಪಕಾರ. ಉಳಿದ ಲೆಮ್ಮಾಗಳನ್ನು ಕೊನೆಯ ಸ್ಲೈಡಿನ ನಂತರ ಇಟ್ಟುಕೊಳ್ಳಿ.

ಷರತ್ತುಗಳನ್ನು ಪ್ರಮೇಯದ ಜೊತೆಗೇ ಹೇಳಿ. ಅವು ಎಲ್ಲಿ ಮುರಿಯುತ್ತವೆ ಅನ್ನುವುದಕ್ಕೂ ತಯಾರಿರಿ, ಪ್ರಶ್ನೆ ಬರುವುದೇ ಅಲ್ಲಿಂದ. ಮೇಲಿನ ಎರಡು ಗುಂಡಿಯ ಉದಾಹರಣೆಯನ್ನೇ ನೋಡಿ. ಡ್ರಿಫ್ಟಿನಲ್ಲಿ ಎಕ್ಸ್‌ನ ಘನ ಇದೆ, ಅದು ಗ್ಲೋಬಲ್ ಲಿಪ್‌ಶಿಟ್ಸ್ ಅಲ್ಲ, ಅಂದರೆ ಅದರ ಇಳಿಜಾರಿಗೆ ಎಲ್ಲೆಡೆ ಸಲ್ಲುವ ಒಂದೇ ಮಿತಿ ಇಲ್ಲ. ಇಂಥ ಸಮೀಕರಣಗಳಲ್ಲಿ ಹೆಜ್ಜೆ ಚಿಕ್ಕದಾದಂತೆ ಆಯ್ಲರ್–ಮರುಯಾಮದ ಮೊಮೆಂಟ್‌ಗಳು (ಅದರ ಉತ್ತರದ ಘಾತಗಳ ಸರಾಸರಿಗಳು) ಅನಂತಕ್ಕೆ ಹೋಗುತ್ತವೆ ಅಂತ 2011ರಲ್ಲಿ ಹುಟ್ಸೆನ್‌ಥಾಲರ್, ಯೆಂಟ್ಸೆನ್, ಕ್ಲೋಡನ್ ತೋರಿಸಿದರು. ಕೆಲವೇ ಪಾಥ್ ಓಡಿಸಿ ನೋಡಿದರೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಕೆಡಿಸುವ ಪಾಥ್‌ಗಳು ತೀರಾ ಅಪರೂಪ. ಇದನ್ನು ತಡೆಯುವ ಟೇಮ್ಡ್ ಆಯ್ಲರ್ ಅಥವಾ ಇಂಪ್ಲಿಸಿಟ್ ವಿಧಾನ ಬಳಸಿದ್ದೇನೆ ಅಂತ ನೀವೇ ಮೊದಲು ಹೇಳಿದರೆ, ಆ ಪ್ರಶ್ನೆ ಕೇಳಬೇಕೆಂದಿದ್ದವರು ಇನ್ನೂ ಒಳ್ಳೆಯ ಪ್ರಶ್ನೆ ಕೇಳುತ್ತಾರೆ.

ಸಮಯದ ಲೆಕ್ಕ: 50 ನಿಮಿಷ ಕೊಟ್ಟಿದ್ದರೆ 42ಕ್ಕೆ ತಯಾರಾಗಿ. ಮುಖ್ಯ ಫಲಿತಾಂಶ ಹತ್ತನೇ ನಿಮಿಷದೊಳಗೆ ಬೋರ್ಡಿನ ಮೇಲೆ ಇರಲಿ, ಉದಾಹರಣೆಯ ಭಾಷೆಯಲ್ಲೇ ಇದ್ದರೂ ಪರವಾಗಿಲ್ಲ. ಸಮಯ ಸಾಲದಿದ್ದರೆ ಏನು ಬಿಡುತ್ತೀರಿ ಅಂತ ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಬಿಡಬೇಕಾದ್ದು ಹೆಚ್ಚು ಸಾಮಾನ್ಯ ರೂಪದ ಪ್ರಮೇಯ, ಉದಾಹರಣೆಯಲ್ಲ. ಪ್ರಶ್ನೆ ಕೇಳಿದವರ ಮಾತನ್ನು ಒಮ್ಮೆ ಜೋರಾಗಿ ಪುನಃ ಹೇಳಿ, ಹಿಂದೆ ಕೂತವರಿಗೂ ಕೇಳಲಿ, ನಿಮಗೂ ಯೋಚಿಸಲು ಎರಡು ಕ್ಷಣ ಸಿಗಲಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಪ್ರಶ್ನೆ ಬರೆದುಕೊಳ್ಳಿ, ಟಾಕ್ ಮುಗಿದ ಮೇಲೆ ಅವರ ಜೊತೆ ಬೋರ್ಡಿನ ಮುಂದೆ ನಿಂತು ಅದನ್ನು ಮುಂದುವರಿಸಿ.