ಬಿಜೈಯಿಂದ ಗಂಜಿಮಠಕ್ಕೆ: ಕಾರು ಬಿಡುವುದನ್ನು ಮತ್ತೊಮ್ಮೆ ಕಲಿತದ್ದು

ಬಿಜೈಯ ಫ್ಲ್ಯಾಟ್ ಬಿಟ್ಟು ಗಂಜಿಮಠದ ಒಳದಾರಿಯಲ್ಲಿ ಮನೆ ಮಾಡಿದಾಗ ಡ್ರೈವಿಂಗ್ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಹನ್ನೊಂದು ವರ್ಷ ಮಂಗಳೂರು ಪೇಟೆಯೊಳಗೆ ಕಾರು ಬಿಟ್ಟಿದ್ದೆ. ಹಂಪನಕಟ್ಟೆಯ ಸಂಜೆ ಆರರ ಗಿಜಿಗಿಜಿ, ಬಂಟ್ಸ್ ಹಾಸ್ಟೆಲಿನ ತಿರುವು, ನಂತೂರಿನಲ್ಲಿ ನಾಲ್ಕೂ ಕಡೆಯಿಂದ ನುಗ್ಗುವ ಲಾರಿಗಳು. ಇಷ್ಟನ್ನು ದಾಟಿದವಳಿಗೆ ಹಳ್ಳಿಯ ರಸ್ತೆ ಯಾವ ಲೆಕ್ಕ ಎಂದುಕೊಂಡಿದ್ದೆ. ಮೊದಲ ಮಳೆಗಾಲದಲ್ಲೇ ಗೊತ್ತಾಯಿತು: ಪೇಟೆಯಲ್ಲಿ ನಾನು ಕಲಿತದ್ದು ಬೇರೆ ಗಾಡಿಗಳನ್ನು ನೋಡುವುದನ್ನು. ರಸ್ತೆಯನ್ನು ನೋಡುವ ಅಭ್ಯಾಸವೇ ಆಗಿರಲಿಲ್ಲ.

ಮುಖ್ಯ ರಸ್ತೆಯಿಂದ ನಮ್ಮ ಮನೆಗೆ ಸುಮಾರು 900 ಮೀಟರ್ ಕಾಂಕ್ರೀಟ್ ದಾರಿ. ಅಗಲ 3 ಮೀಟರ್, ಒಂದು ಬದಿ ದರೆ, ಅಂದರೆ ಕಡಿದ ಮಣ್ಣಿನ ಗೋಡೆ, ಇನ್ನೊಂದು ಬದಿ ನೀರು ಹರಿಯುವ ತೋಡು. ಕಾಂಕ್ರೀಟ್ ಹಾಕಿದ ಮೇಲೆ ಅಂಚಿಗೆ ಮಣ್ಣು ತುಂಬಿಸಿರಲಿಲ್ಲ. ಜೂನ್ ತಿಂಗಳ ಒಂದು ಸಂಜೆ ಎದುರಿನಿಂದ ಪಿಕಪ್ ಬಂತು. ಪೇಟೆಯ ಅಭ್ಯಾಸದಂತೆ ಎಡಕ್ಕೆ ಸರಿದು ಸೈಡ್ ಕೊಟ್ಟೆ. ಅಂಚಿನವರೆಗೂ ಹುಲ್ಲು ಬೆಳೆದು ನೆಲ ಸಮವಾಗಿಯೇ ಕಾಣುತ್ತಿತ್ತು. ಎಡಗಡೆಯ ಮುಂದಿನ ಚಕ್ರ ಧಡಕ್ಕನೆ ಒಂದು ಗೇಣು ಕೆಳಗಿಳಿಯಿತು, ಕಾರಿನ ಹೊಟ್ಟೆ ಕಾಂಕ್ರೀಟಿನ ಮೇಲೆ ಕುಳಿತಿತು. ಸಣ್ಣ ಕಾರುಗಳ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದೇ 165-170 ಮಿ.ಮೀ. ಅಂಚು ಅದಕ್ಕಿಂತ ಎತ್ತರವಾದರೆ ಸಿಕ್ಕಿಕೊಂಡ ಹಾಗೆಯೇ.

ಪಿಕಪ್ಪಿನವರು, ರಿಕ್ಷಾದವರು, ಅಡಿಕೆ ತೋಟದಿಂದ ಬಂದ ಇಬ್ಬರು ಸೇರಿ ಜ್ಯಾಕ್ ಏರಿಸಿ ಚಕ್ರದ ಕೆಳಗೆ ಎರಡು ಕೆಂಪು ಕಲ್ಲು ಇಟ್ಟು ಕಾರನ್ನು ಮೇಲೆ ತಂದರು. ರಿಕ್ಷಾದವರು ಹೋಗುವಾಗ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಅಕ್ಕಾ, ಇಲ್ಲಿ ಸೈಡ್ ಕೊಡುವುದಲ್ಲ, ನಿಲ್ಲಿಸುವುದು. ಯಾರ ಹತ್ತಿರ ಜಾಗ ಉಂಟೋ ಅವರು ಹಿಂದೆ ಹೋಗ್ತಾರೆ."

ಮರುದಿನ ಭಾನುವಾರ. ಕೊಡೆ ಹಿಡಿದುಕೊಂಡು ಆ 900 ಮೀಟರ್ ನಡೆದೆ. ಹೊಸ ಜಾಗಕ್ಕೆ ಬಂದವರೆಲ್ಲ ಮೊದಲ ವಾರವೇ ಇದನ್ನು ಮಾಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಕಾರಿನಲ್ಲಿ ಕೂತು ನೂರು ಸಲ ಹೋದರೂ ಕಾಣದ್ದು ಕಾಲಿಗೆ ಸಿಗುತ್ತದೆ. ಎರಡು ಗಾಡಿ ಹಾಯುವಷ್ಟು ಅಗಲವಿರುವುದು ಐದೇ ಕಡೆ: ಮೂರು ಮನೆಗಳ ಗೇಟಿನ ಎದುರು, ಭಜನಾ ಮಂದಿರದ ಅಂಗಳ, ಟ್ರಾನ್ಸ್‌ಫಾರ್ಮರ್ ಪಕ್ಕದ ಖಾಲಿ ಜಾಗ. ಮೋರಿಯ ಹತ್ತಿರ ಅಂಚು ತೀರಾ ಆಳ. ಈಗ ಎದುರಿನಿಂದ ಬೆಳಕು ಕಂಡ ಕೂಡಲೇ ಈ ಐದರಲ್ಲಿ ಹತ್ತಿರದ್ದು ಯಾವುದು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ. ಏರಿನಲ್ಲಿ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ರಸ್ತೆ ನಿಯಮದಲ್ಲೇ ಇದೆ. ಲೈಸೆನ್ಸಿಗೆಂದು ಓದಿ ಮರೆತದ್ದು ಇಲ್ಲಿ ದಿನಾ ಬೇಕಾಯಿತು.

ಇನ್ನು ಏರಿನ ವಿಷಯ. ನಮ್ಮ ದಾರಿ ಹೆದ್ದಾರಿಗೆ ಸೇರುವ ಕೊನೆಯ ಇಪ್ಪತ್ತು ಮೀಟರ್ ಕಡಿದಾದ ಏರು. ಅಲ್ಲಿ ನಿಂತು ಎರಡೂ ಬದಿ ನೋಡಿ ಹೊರಡಬೇಕು. ಪೇಟೆಯಲ್ಲಿ ಮಾಡಿದ ಹಾಗೆ ಹಾಫ್ ಕ್ಲಚ್‌ನಲ್ಲಿ ಕಾರನ್ನು ಹಿಡಿದು ನಿಲ್ಲಿಸುತ್ತಿದ್ದೆ. ಎರಡೇ ತಿಂಗಳಲ್ಲಿ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಬೆಳಿಗ್ಗೆ ಆರಕ್ಕೆ, ಯಾರೂ ಇಲ್ಲದ ಹೊತ್ತಿನಲ್ಲಿ, ಅದೇ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಅಭ್ಯಾಸ ಮಾಡಿದೆ. ಪೂರ್ತಿ ಎಳೆದು ನಿಲ್ಲುವುದು, ಒಂದನೇ ಗೇರ್, ಕ್ಲಚ್ ನಿಧಾನಕ್ಕೆ ಬಿಡುತ್ತ ಬಾನೆಟ್ ತುಸು ಮೇಲೇಳುವುದನ್ನು ಕಾಯುವುದು, ಎಕ್ಸಲೇಟರ್ ಸ್ವಲ್ಪ ಕೊಟ್ಟು ಆಗ ಹ್ಯಾಂಡ್‌ಬ್ರೇಕ್ ಇಳಿಸುವುದು. ಬಾನೆಟ್ ಏಳುವ ಆ ಅರೆ ಕ್ಷಣ ಕಣ್ಣಿಗೂ ಸೊಂಟಕ್ಕೂ ಒಟ್ಟಿಗೆ ಗೊತ್ತಾಗುತ್ತದೆ. ಅದು ಸಿಕ್ಕಿದ ದಿನ ಹಿಂದೆ ಬಸ್ಸು ನಿಂತರೂ ಕೈ ನಡುಗಲಿಲ್ಲ.

ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋಗದೆ ಎರಡನೇ ಗೇರಿಗೆ ಇಳಿಸಿ ಇಂಜಿನ್ನೇ ಹಿಡಿಯುವಂತೆ ಮಾಡಲೂ ಕಲಿತೆ.

ರಾತ್ರಿ ಬೇರೆಯೇ ಪಾಠ. ಪೇಟೆಯಲ್ಲಿ ಬೀದಿದೀಪದ ಬೆಳಕಿನಲ್ಲಿ ಓಡಿಸುತ್ತಿದ್ದೆವೇ ಹೊರತು ಹೆಡ್‌ಲೈಟಿನಲ್ಲಿ ಅಲ್ಲ. ಇಲ್ಲಿ ಡಿಮ್ ಲೈಟ್ ತೋರಿಸುವುದು ಹೆಚ್ಚೆಂದರೆ 40-50 ಮೀಟರ್. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೇವೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ಮುಗಿದಿರುತ್ತದೆ, ಒದ್ದೆ ರಸ್ತೆಯಲ್ಲಿ ಉಳಿದ ದೂರ ಸಾಕಾಗುವುದಿಲ್ಲ. ಕಪ್ಪು ಕೊಡೆ ಹಿಡಿದು ನಡೆಯುವವರು, ಲೈಟಿಲ್ಲದ ಸೈಕಲ್, ರಸ್ತೆ ಮಧ್ಯದ ಬಿಸಿಗೆ ಮಲಗಿದ ದನ ಇವೆಲ್ಲ ಕೊನೆಯ ಕ್ಷಣದಲ್ಲೇ ಕಾಣುವುದು. ಹಾಗಾಗಿ ಕತ್ತಲಾದ ಮೇಲೆ 40 ದಾಟುವುದಿಲ್ಲ. ಎದುರಿನವರು ಬ್ರೈಟ್ ಹಾಕಿಕೊಂಡೇ ಬಂದರೆ ಆ ಬೆಳಕನ್ನು ನೋಡದೆ ಎಡ ಅಂಚಿನ ಬಿಳಿ ಗೆರೆಯ ಮೇಲೆ ಕಣ್ಣಿಡುತ್ತೇನೆ. ದೀಪಾವಳಿಯಿಂದ ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ತನಕ ರಾತ್ರಿ ನಡೆಯುವ ಯಕ್ಷಗಾನದ ಆಟ, ಭೂತಕೋಲಗಳ ಕಾಲ. ಬೆಳಗಿನ ಜಾವ ಐದಕ್ಕೂ ನಿದ್ದೆಗಣ್ಣಿನಲ್ಲಿ ಮನೆಗೆ ನಡೆಯುವವರು ರಸ್ತೆಯಲ್ಲಿರುತ್ತಾರೆ. ರೈಲಿಗೆ ಹೊರಟಾಗ ಇದು ನೆನಪಿರಲೇಬೇಕು.

ಆಫೀಸಿನ ದಾರಿ ಕೈಕಂಬ, ಗುರುಪುರ ಸೇತುವೆ, ವಾಮಂಜೂರು, ಕುಲಶೇಖರ, ನಂತೂರು. ರಾಷ್ಟ್ರೀಯ ಹೆದ್ದಾರಿ 169, ಹಳಬರ ಬಾಯಲ್ಲಿ ಇನ್ನೂ 13. ಬಿಕರ್ನಕಟ್ಟೆಯಿಂದ ಸಾಣೂರಿನ ತನಕ 45 ಕಿ.ಮೀ. ಚತುಷ್ಪಥದ ಕೆಲಸ ಹಿಡಿದ ಮೇಲೆ ಮೊನ್ನೆ ಇದ್ದ ತಿರುವು ಇವತ್ತು ಇರುವುದಿಲ್ಲ ಎಂದುಕೊಂಡೇ ಹೊರಟೆ. ಇಲ್ಲಿ ಮೋಸ ಮಾಡುವುದು ವೇಗ. ಹತ್ತು ನಿಮಿಷ ಖಾಲಿ ರಸ್ತೆಯಲ್ಲಿ 70ರಲ್ಲಿ ಬಂದವರಿಗೆ ವಾಮಂಜೂರು ಪೇಟೆಯಲ್ಲಿ 50 ಎಂದರೆ ತೆವಳಿದಂತೆ ಅನಿಸುತ್ತದೆ. ಶಾಲೆಯ ಮಕ್ಕಳು ರಸ್ತೆ ದಾಟುವ ಜಾಗವದು. ಅನಿಸಿಕೆಯನ್ನು ನಂಬದೆ ಮೀಟರ್ ನೋಡಿಯೇ 30ಕ್ಕೆ ಇಳಿಸುತ್ತೇನೆ.

ಸರ್ವಿಸ್ ಬಸ್ಸಿನ ಹಿಂದೆ ಹೋಗುವಾಗ ಬಸ್ಸನ್ನಲ್ಲ, ಮುಂದೆ ಎಡಬದಿಯಲ್ಲಿ ಚೀಲ ಹಿಡಿದು ನಿಂತವರನ್ನು ನೋಡಬೇಕು. ಅವರು ಕೈ ಎತ್ತಿದಲ್ಲಿ ಬಸ್ಸು ನಿಲ್ಲುತ್ತದೆ. ಎದುರಿನಿಂದ ಎಕ್ಸ್‌ಪ್ರೆಸ್ ಬಸ್ಸು ಓವರ್‌ಟೇಕ್ ಮಾಡಿಕೊಂಡು ಬಂದರೆ ಹಾರ್ನ್ ಹಾಕುತ್ತ ಕೂರದೆ ವೇಗ ಇಳಿಸುತ್ತೇನೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ. ಟಯರಿನ ಗೀರಿನ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರ ಬದಲಿಸಬೇಕು, ನಾನು 3 ಇರುವಾಗಲೇ ಬದಲಿಸುತ್ತೇನೆ. ನೀರು ಹೊರಹೋಗಲು ಗೀರು ಬೇಕು, ಇಲ್ಲದಿದ್ದರೆ ಚಕ್ರ ನೀರಿನ ಮೇಲೆ ತೇಲುತ್ತದೆ. ಒಮ್ಮೆ ಹಾಗೆ ಸ್ಟೇರಿಂಗ್ ಹಗುರಾದಾಗ ಬ್ರೇಕ್ ಒತ್ತದೆ, ಸ್ಟೇರಿಂಗ್ ತಿರುಗಿಸದೆ, ಎಕ್ಸಲೇಟರ್ ಬಿಟ್ಟು ಸುಮ್ಮನೆ ನೇರ ಹಿಡಿದಿದ್ದೆ. ಎರಡು ಸೆಕೆಂಡಿನಲ್ಲಿ ಹಿಡಿತ ಮರಳಿತು. ಟಯರ್, ವೈಪರ್ ರಬ್ಬರ್, ಬ್ರೇಕ್ ಪ್ಯಾಡ್ ಮೂರೂ ಪತ್ತನಾಜೆಯೊಳಗೆ ಆಗಬೇಕು ಎಂದು ಇಟ್ಟುಕೊಂಡಿದ್ದೇನೆ.

ಕಳೆದ ವರ್ಷ ನಮ್ಮ ದಾರಿಯ ಆರು ಮನೆಯವರು ಹಣ ಸೇರಿಸಿ ಮೂರು ಟಿಪ್ಪರ್ ಮುರಕಲ್ಲಿನ (ಕೆಂಪು ಕಲ್ಲಿನ) ಪುಡಿ ತರಿಸಿ ಅಂಚಿಗೆ ತುಂಬಿಸಿದೆವು. ಅಂದು ಕಾರು ಎತ್ತಿದ ರಿಕ್ಷಾದವರೂ ಹಾರೆ ಹಿಡಿದು ಬಂದಿದ್ದರು. ಮಳೆ ಮುಗಿಯುವಾಗ ಬೇರೆಲ್ಲ ಕಡೆ ಹುಲ್ಲು ಹಿಡಿದು ಗಟ್ಟಿಯಾಗಿತ್ತು, ಮೋರಿಯ ಹತ್ತಿರ ಮಾತ್ರ ನೀರು ಕೊಚ್ಚಿಕೊಂಡು ಹೋಗಿದೆ. ಅಲ್ಲಿಗೆ ಈ ಸಲ ಪುಡಿ ಸಾಲದು, ಕಲ್ಲು ಕಟ್ಟಬೇಕು. ಸದ್ಯಕ್ಕೆ ಎರಡು ಬೆತ್ತದ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೇವೆ.