ವಾಷಿಂಗ್ ಮೆಷಿನ್‌ಗೆ ನೀರು ತುಂಬುತ್ತಿಲ್ಲವೇ? ಮೊದಲು ಕಿವಿ ಕೊಡಿ

ಬಟ್ಟೆ ತುಂಬಿ, ಸೋಪಿನ ಪುಡಿ ಹಾಕಿ, ಸ್ಟಾರ್ಟ್ ಒತ್ತಿ ಬೇರೆ ಕೆಲಸಕ್ಕೆ ಹೋಗಿದ್ದೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಪುಡಿ ಹಾಕಿದ ಹಾಗೇ ಕೂತಿದೆ, ಡ್ರಮ್ಮಿನಲ್ಲಿ ತೊಟ್ಟು ನೀರಿಲ್ಲ. ರಿಪೇರಿಗೆ ಬಂದವರು ಪೈಪನ್ನೂ ಬಿಚ್ಚದೆ "ವಾಲ್ವ್ ಹೋಗಿದೆ, ಹೊಸದು ಹಾಕಬೇಕು" ಅಂದುಬಿಟ್ಟರು. ನನಗೆ ಯಾಕೋ ನಂಬಿಕೆ ಬರಲಿಲ್ಲ. ನಾಳೆ ಹೇಳ್ತೀನಿ ಅಂತ ಕಳಿಸಿ, ಟಾರ್ಚ್ ಹಿಡಿದು ನಾನೇ ಮೆಷಿನ್ ಹಿಂದೆ ಕೂತೆ. ಕೊನೆಗೆ ಸಿಕ್ಕಿದ ಕಳ್ಳ ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಜಾಲರಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪೆದ್ದುಪೆದ್ದಾದ ಪ್ರಶ್ನೆಗಳನ್ನು ಮುಗಿಸಿಬಿಡಿ. ನಲ್ಲಿ ತೆರೆದಿದೆಯಾ? ಮೆಷಿನ್ ಹಿಂದಕ್ಕೆ ತಳ್ಳುವಾಗ ಪೈಪ್ ಗೋಡೆಗೆ ಸಿಕ್ಕಿ ಮಡಚಿಕೊಂಡಿದೆಯಾ? ಬಾಗಿಲು ಟಕ್ ಅಂತ ಲಾಕ್ ಆಯಿತಾ? ಮುಂದೆ ಬಾಗಿಲಿರುವ ಮೆಷಿನ್, ಲಾಕ್ ಬೀಳುವ ತನಕ ನೀರು ಬಿಟ್ಟುಕೊಳ್ಳುವುದಿಲ್ಲ. ಎರಡು ಗಂಟೆ ಬಿಟ್ಟು ಶುರುವಾಗು ಅನ್ನುವ ಬಟನ್ ಯಾರಾದರೂ ಸುಮ್ನೆ ಒತ್ತಿದ್ದಾರಾ? ನಗಬೇಡಿ, ನಮ್ಮ ಮನೆಯಲ್ಲಿ ಅದೂ ಆಗಿದೆ.

ಇನ್ನು ಪರದೆಯ ಮೇಲಿನ ಕೋಡ್. ಎಲ್‌ಜಿಯಲ್ಲಿ ಐಇ, ಸ್ಯಾಮ್‌ಸಂಗ್‌ನಲ್ಲಿ 4ಸಿ ಅಥವಾ 4ಇ ಬಂದರೆ, ಇಷ್ಟು ಹೊತ್ತಿನೊಳಗೆ ತುಂಬಬೇಕಿದ್ದ ನೀರು ತುಂಬಲಿಲ್ಲ ಅಂತ ಅರ್ಥ. ಯಾಕೆ ತುಂಬಲಿಲ್ಲ ಅನ್ನುವುದು ಮೆಷಿನ್‌ಗೂ ಗೊತ್ತಿರುವುದಿಲ್ಲ. ಹಾಗಾಗಿ ಕೋಡ್ ನೋಡಿಕೊಂಡು ಪಾರ್ಟ್ ತರಿಸಬೇಡಿ.

ಈಗ ಕಿವಿಯ ಕೆಲಸ. ಮನೆಯವರಿಗೆಲ್ಲ ಎರಡು ನಿಮಿಷ ಸುಮ್ಮನಿರಲು ಹೇಳಿ, ಪೈಪ್ ಮೆಷಿನ್‌ಗೆ ಸೇರುವ ಜಾಗದ ಹತ್ತಿರ ಕಿವಿ ಇಟ್ಟು ಸ್ಟಾರ್ಟ್ ಒತ್ತಿಸಿ. ಅಲ್ಲೇ ಒಳಗೆ ವಾಲ್ವ್ ಇರುವುದು. 'ಗುಂಯ್' ಅನ್ನುವ ಸಣ್ಣ ಸದ್ದು ಬಂದರೆ ವಾಲ್ವ್‌ಗೆ ಕರೆಂಟ್ ಹೋಗುತ್ತಿದೆ, ನೀರು ಬರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಕರೆಂಟೇ ಅಲ್ಲಿಗೆ ಮುಟ್ಟುತ್ತಿಲ್ಲ, ಇಲ್ಲವೇ ವಾಲ್ವಿನ ಕಾಯಿಲ್, ಅಂದರೆ ಕರೆಂಟ್ ಬಂದಾಗ ವಾಲ್ವ್ ತೆರೆಸುವ ತಂತಿಯ ಸುರುಳಿ, ಸುಟ್ಟಿದೆ. ನನ್ನದು ಚೆನ್ನಾಗಿಯೇ ಗುಂಯ್‌ಗುಟ್ಟುತ್ತಿತ್ತು. ಕಾಯಿಲ್ ಜೀವಂತ ಇದೆ ಅಂತ ಅಲ್ಲಿಗೆ ಗೊತ್ತಾಯಿತು.

ಗುಂಯ್ ಅಂದರೆ ಮುಂದಿನ ಪರೀಕ್ಷೆ ಬಕೆಟ್‌ನದು. ಪ್ಲಗ್ ಕೀಳಿ, ನಲ್ಲಿ ಮುಚ್ಚಿ. ಮೆಷಿನ್ ಕಡೆಯಿಂದ ಪೈಪ್ ಬಿಚ್ಚಿ ತುದಿಯನ್ನು ಬಕೆಟ್ಟಿಗೆ ಬಿಟ್ಟು ನಲ್ಲಿ ಪೂರ್ತಿ ತೆರೆಯಿರಿ. ಹತ್ತು ಲೀಟರ್ ಒಂದೆರಡು ನಿಮಿಷದಲ್ಲಿ ತುಂಬಿದರೆ ನೀರಿನ ಕಡೆ ತಪ್ಪಿಲ್ಲ ಅಂತ ನನ್ನ ಲೆಕ್ಕ. ಸಣ್ಣಗೆ ಸುರಿದರೆ ನಲ್ಲಿ, ಪೈಪ್ ಅಥವಾ ಟ್ಯಾಂಕ್ ಕಡೆ ನೋಡಬೇಕು. ನಲ್ಲಿ ಕಡೆಯ ತುದಿಯಲ್ಲೂ ಕೆಲವು ಪೈಪ್‌ಗಳಿಗೆ ಜಾಲರಿ ಇರುತ್ತದೆ, ಮರೆಯಬೇಡಿ. ನಲ್ಲಿ ತುದಿಯಲ್ಲಿ ದಪ್ಪ ಡಬ್ಬಿ ಇರುವ ಸೋರಿಕೆ ತಡೆಯುವ ಪೈಪ್ ಆಗಿದ್ದು, ಅದರ ಪುಟ್ಟ ಕಿಂಡಿ ಕೆಂಪಗೆ ಕಂಡರೆ ಪೈಪನ್ನೇ ಬದಲಾಯಿಸಬೇಕು.

ಇಲ್ಲಿ ಒಂದು ಮಾತು. ನಲ್ಲಿಯಲ್ಲಿ ನೀರು ಬರುತ್ತಲ್ಲ, ಮೆಷಿನ್‌ಗೆ ಯಾಕೆ ಹೋಗಲ್ಲ ಅಂತ ತುಂಬಾ ಜನ ಕೇಳುತ್ತಾರೆ. ವಾಲ್ವಿನೊಳಗೆ ರಬ್ಬರಿನ ಪರದೆ ಇದೆ. ಕಾಯಿಲ್ ಅದನ್ನು ನೇರವಾಗಿ ಎತ್ತುವುದಿಲ್ಲ, ನಡುವಿನ ಸೂಜಿಮೊನೆಯಂಥ ತೂತನ್ನು ತೆರೆಯುತ್ತದೆ ಅಷ್ಟೆ. ಪರದೆಯನ್ನು ಎತ್ತುವುದು ನೀರಿನದೇ ಒತ್ತಡ. ಒತ್ತಡ ಸಾಲದಿದ್ದರೆ ವಾಲ್ವ್ ಗುಂಯ್ ಅನ್ನುತ್ತಾ ಮುಚ್ಚಿಕೊಂಡೇ ಇರುತ್ತದೆ. ಬಹಳಷ್ಟು ಮೆಷಿನ್‌ಗಳಿಗೆ ಕನಿಷ್ಠ 0.3ರಿಂದ 0.5 ಬಾರ್ ಬೇಕು. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಅಂದರೆ ಟ್ಯಾಂಕಿನ ನೀರು ಮೆಷಿನ್‌ಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ಟ್ಯಾಂಕಿನ ಕೆಳಗೇ ಮನೆ ಇದ್ದವರಿಗೆ ಇದೇ ತಲೆನೋವು. ಅವರಿಗೆ ಒತ್ತಡ ಹೆಚ್ಚಿಸುವ ಪಂಪ್ ಬೇಕಾಗಬಹುದು, ಹೊಸ ವಾಲ್ವ್ ಅಲ್ಲ.

ನನ್ನ ಬಕೆಟ್ ಗಳಗಳನೆ ತುಂಬಿತು. ಹಾಗಿದ್ದರೆ ಉಳಿದಿದ್ದು ಜಾಲರಿ.

ಪೈಪ್ ಬಿಚ್ಚಿದ ಜಾಗದಲ್ಲಿ ಮೆಷಿನ್‌ನ ಬಾಯಿಗೆ ಟಾರ್ಚ್ ಬಿಡಿ. ಒಳಗೆ ಚಿಕ್ಕ ಪ್ಲಾಸ್ಟಿಕ್ ಜಾಲರಿ, ಅದರ ನಡುವೆ ಹಿಡಿದೆಳೆಯಲು ಒಂದು ಮೊನೆ ಕಾಣುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಹಿಡಿದು ನೇರಕ್ಕೆ ಎಳೆಯಿರಿ, ತಿರುಚಬೇಡಿ. ನನ್ನದರಲ್ಲಿ ಕಂದು ಮರಳಿನ ಜೊತೆ ಬಿಳಿ ಟೇಪಿನ ಚೂರೊಂದು ಅಡ್ಡ ಮಲಗಿತ್ತು. ಹದಿನೈದು ದಿನದ ಹಿಂದೆ ನಲ್ಲಿ ಬದಲಾಯಿಸಿದಾಗ ಥ್ರೆಡ್ಡಿಗೆ ಸುತ್ತಿದ್ದ ಟೇಪ್ ಅದು! ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಎಲ್ಲ ತೂತುಗಳೂ ಕಾಣಬೇಕು. ಗಡಸು ನೀರಿನ ಬಿಳಿ ಕಲೆ ಹೋಗದಿದ್ದರೆ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿಡಿ.

ಜಾಲರಿ ಇದ್ದರೆ ತಾನೇ ಕಟ್ಟಿಕೊಳ್ಳುವುದು ಅಂತ ತೆಗೆದೇ ಬಿಡುವವರೂ ಇದ್ದಾರೆ. ದಯವಿಟ್ಟು ಬೇಡ. ಮರಳಿನ ಕಾಳು ಆ ರಬ್ಬರ್ ಪರದೆಯ ಕೆಳಗೆ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮೆಷಿನ್ ಆಫ್ ಆಗಿದ್ದರೂ ಡ್ರಮ್ಮಿಗೆ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ.

ಪೈಪ್ ವಾಪಸ್ ಹಾಕುವಾಗ ರಬ್ಬರ್ ವಾಷರ್ ಜಾಗದಲ್ಲಿದೆಯಾ ನೋಡಿ, ಕೈಯಲ್ಲೇ ಬಿಗಿ ಮಾಡಿ. ನಲ್ಲಿ ತೆರೆದು ಸಂದಿಗೆ ಒಣ ಕಾಗದ ಒತ್ತಿ. ಒದ್ದೆಯಾಗದಿದ್ದರೆ ಪ್ಲಗ್ ಹಾಕಬಹುದು.

ನೀರು ಬರುತ್ತಿದೆ ಆದರೆ ಡ್ರಮ್ಮಿನಲ್ಲಿ ಉಳಿಯುತ್ತಿಲ್ಲ ಅಂದರೆ ಕಥೆಯೇ ಬೇರೆ. ಕೊಳೆ ನೀರು ಹೋಗುವ ಪೈಪ್ ನೆಲದ ಮೇಲೆ ಬಿದ್ದಿದ್ದರೆ ತುಂಬಿದ್ದೆಲ್ಲ ಹಾಗೇ ಹರಿದುಹೋಗುತ್ತದೆ. ಅದರ ತುದಿ ಎಷ್ಟು ಎತ್ತರದಲ್ಲಿರಬೇಕು ಅಂತ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ.

ಗುಂಯ್ ಸದ್ದೇ ಇಲ್ಲದವರು ಮೆಕ್ಯಾನಿಕ್‌ನ ಕರೆಯಿರಿ. ಲಾಕ್, ಬೋರ್ಡ್, ವಾಲ್ವಿನ ಕಾಯಿಲ್ ಮೂರನ್ನೂ ಮೀಟರ್ ಹಿಡಿದು ನೋಡಬೇಕು. ಹಾಗೆಯೇ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗೆ ಹೋಗುವ ಸಣ್ಣ ಗಾಳಿ ಟ್ಯೂಬನ್ನೂ ನೋಡಲು ಹೇಳಿ. ಅದು ಸೋಪಿನ ಜಿಡ್ಡಿನಿಂದ ಕಟ್ಟಿಕೊಂಡರೆ ಕೆಲವೊಮ್ಮೆ ಖಾಲಿ ಡ್ರಮ್ಮನ್ನೇ ತುಂಬಿದೆ ಅಂದುಕೊಂಡು ಮೆಷಿನ್ ನೀರೇ ಕೇಳುವುದಿಲ್ಲ.

ಮಾರನೆಯ ದಿನ ರಿಪೇರಿಯವರು ಫೋನ್ ಮಾಡಿ "ವಾಲ್ವ್ ತರಲಾ ಮೇಡಂ?" ಅಂದಾಗ ಎರಡನೇ ಸಲದ ಬಟ್ಟೆ ತಿರುಗುತ್ತಿತ್ತು.