ನೋಯ್ಡಾದಿಂದ ಸಾಗರಕ್ಕೆ: ಮಕ್ಕಳನ್ನು ಕರ್ಕೊಂಡು ಮಲೆನಾಡಿಗೆ ಬರುವವರಿಗೆ

ನೋಯ್ಡಾದಲ್ಲಿ ಒಂಬತ್ತು ವರ್ಷ ಇದ್ದೆವು. ಹದಿನಾಲ್ಕನೇ ಮಹಡಿ. ನವೆಂಬರ್ ಬಂತೆಂದರೆ ಎದುರಿನ ಟವರ್ ಹೊಗೆಯಲ್ಲಿ ಕಾಣುತ್ತಿರಲಿಲ್ಲ. ಶಾಲೆಗೆ ರಜೆ, ಕಿಟಕಿಗಳೆಲ್ಲ ಬಂದ್, ಮಗಳ ಮುಖಕ್ಕೆ ದಿನಕ್ಕೆ ಎರಡು ಸಲ ನೆಬ್ಯುಲೈಜರ್, ಅಂದರೆ ಉಬ್ಬಸದ ಔಷಧಿಯನ್ನು ಮಂಜಿನ ಹಾಗೆ ಉಸಿರಿಗೆ ಕೊಡುವ ಯಂತ್ರ. ಈಗ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಹನ್ನೊಂದು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲ್ಗಡೆ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಎರಡು ಮಳೆಗಾಲ ಕಳೆದಿದ್ದೇವೆ.

ನಾನು ಚಿತ್ರದುರ್ಗದ ಕಡೆಯವಳು. ನನ್ನ ಗಂಡ ಮೀರತ್‌ನವರು. ಮಲೆನಾಡು ನಮ್ಮಿಬ್ಬರಿಗೂ ಹೊಸದೇ. ಊರಲ್ಲಿ ಅಜ್ಜನ ಮನೆ, ತೋಟ ಇದ್ದು ವಾಪಸ್ ಬರುವವರಿಗೆ ಕೈ ಹಿಡಿಯಲು ಜನ ಇರುತ್ತಾರೆ. ನೆಂಟರಿಷ್ಟರು ಯಾರೂ ಇಲ್ಲದ ಕಡೆಗೆ ಸಣ್ಣ ಮಕ್ಕಳ ಜೊತೆ ಬರುವವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಜುಲೈಯಲ್ಲಿ ಬಂದು ನೋಡಿ

ಡಿಸೆಂಬರ್‌ನಲ್ಲಿ ಜೋಗ ನೋಡಲು ಬಂದವರಿಗೆಲ್ಲ ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು. ನನ್ನ ಅತ್ತಿಗೆ ಒಬ್ಬರೇ ತಡೆದರು: "ಮಳೆ ನೋಡದೆ ನಿರ್ಧಾರ ಮಾಡಬೇಡಿ." ಮುಂದಿನ ಜುಲೈಯಲ್ಲಿ ಹತ್ತು ದಿನ ರಜೆ ಹಾಕಿ ಮಕ್ಕಳ ಸಮೇತ ಬಂದು ಒಂದು ಮನೆಯಲ್ಲಿ ಉಳಿದೆವು. ಆ ಹತ್ತು ದಿನದಲ್ಲಿ ಬಿಸಿಲು ಕಂಡಿದ್ದು ಒಂದೇ ಮಧ್ಯಾಹ್ನ.

ಆ ಮನೆಯಮ್ಮ ತಮ್ಮ ಬಟ್ಟೆ ಬೀರು ತೆಗೆದು ತೋರಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಒಳಗೆ, ಕೆಳಗಿನ ಅರೆಯಲ್ಲಿ, ನಲವತ್ತು ವ್ಯಾಟಿನ ಹಳೇ ಬಲ್ಬು ಒಂದು ಉರಿಯುತ್ತಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ರೇಷ್ಮೆ ಸೀರೆಗಳು. ಆ ಬೆಚ್ಚಗಿನ ಗಾಳಿಗೆ ಬೂಸ್ಟು ಹಿಡಿಯುವುದಿಲ್ಲವಂತೆ. ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಮಕ್ಕಳ ಬಟ್ಟೆ ಹರವಿದ್ದರು. ಒಣಗಿದ ಬಟ್ಟೆಯಲ್ಲೂ ಹೊಗೆಯ ವಾಸನೆ. "ಮೂರು ತಿಂಗಳು ಹೀಗೇ ತಂಗಿ, ಆಮೇಲೆ ಎಂತ ತೊಂದರೆ ಇಲ್ಲ" ಅಂದರು. ಆ ಮೂರು ತಿಂಗಳು ನನ್ನಿಂದ ಆಗುತ್ತದಾ ಅಂತ ನಾನು ಅಲ್ಲೇ ನಿಂತು ಯೋಚಿಸಿದೆ. ನೀವೂ ಹಾಗೆ ನಿಂತು ಯೋಚಿಸಬೇಕು, ಮನೆಯವರೆಲ್ಲ.

ಬಂದಾಗ ಏನೇನು ನೋಡಬೇಕು? ಮನೆವರೆಗಿನ ದಾರಿ ಮಳೆಯಲ್ಲಿ ಹೇಗಿರುತ್ತದೆ. ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ. ಫೋನು ಮನೆಯ ಒಳಗೆ ಸಿಗುತ್ತದಾ, ಅಂಗಳದ ಒಂದು ಮೂಲೆಯಲ್ಲಿ ಮಾತ್ರವಾ. ನೀರು ಬಾವಿಯದ್ದಾ, ಗುಡ್ಡದಿಂದ ಪೈಪಲ್ಲಿ ಇಳಿದು ಬರುವ ಅಬ್ಬಿ ನೀರಾ, ಏಪ್ರಿಲ್‌ನಲ್ಲೂ ಬರುತ್ತದಾ. ಈ ಕೊನೆಯ ಪ್ರಶ್ನೆಯನ್ನು ಮನೆ ಮಾಲೀಕರಿಗಿಂತ ಪಕ್ಕದ ಮನೆಯವರ ಹತ್ತಿರ ಕೇಳಿ.

ಯಾವಾಗ ಹೊರಡಬೇಕು

ಏಪ್ರಿಲ್ ಮೊದಲೆರಡು ವಾರ. ಆ ಕಡೆ ಶಾಲೆಯ ವರ್ಷ ಮಾರ್ಚ್‌ಗೆ ಮುಗಿದು ಏಪ್ರಿಲ್‌ನಲ್ಲಿ ಹೊಸ ತರಗತಿ ಶುರುವಾಗುತ್ತದೆ. ಇಲ್ಲಿನ ಕನ್ನಡ ಶಾಲೆಗಳು ಬಾಗಿಲು ತೆರೆಯುವುದು ಮೇ ಕೊನೆ, ಜೂನ್ ಹೊತ್ತಿಗೆ. ನಡುವೆ ಸಿಗುವ ಎರಡು ತಿಂಗಳು ಮಕ್ಕಳಿಗೆ ಬಹಳ ಬೇಕು. ಊರಿನ ಮಕ್ಕಳಿಗೂ ಆಗ ರಜೆ. ಮಾವಿನ ಮರದ ಕೆಳಗೇ ಪರಿಚಯ ಆಗಿಬಿಡುತ್ತದೆ. ನಿಮಗೂ ಮಳೆಗೆ ಮುಂಚೆ ಹೆಂಚು ಸರಿಮಾಡಿಸಲು, ಕಟ್ಟಿಗೆ ಒಟ್ಟಿಕೊಳ್ಳಲು, ಇನ್ವರ್ಟರ್ ಹಾಕಿಸಲು ಸಮಯ ಸಿಗುತ್ತದೆ.

ಶಾಲೆ ಬಿಡಿಸುವಾಗ ಟಿಸಿ, ಅಂಕಪಟ್ಟಿ, ಯು-ಡೈಸ್‌ನ ಪೆನ್ ನಂಬರ್ (ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟ ಕಾಯಂ ಸಂಖ್ಯೆ) ಮೂರನ್ನೂ ಕೇಳಿ ತಗೊಳ್ಳಿ. ಬೇರೆ ರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವ ಶಾಲೆಗಳಿವೆ. ಹೊರಡುವ ಮುಂಚೆಯೇ ಮಾಡಿಸಿಬಿಡಿ, ಎರಡು ಸಾವಿರ ಕಿಲೋಮೀಟರ್ ದೂರದಿಂದ ಆ ಸಹಿ ಮಾಡಿಸುವುದು ಕಷ್ಟ. ಒಂದು ವಿಷಯ ಗೊತ್ತಿರಲಿ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿವರೆಗೆ ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ಒಂದನೇ ತರಗತಿಗೆ ಸೇರಿಸುವುದಾದರೆ ಜೂನ್ 1ಕ್ಕೆ ಮಗುವಿಗೆ ಎಷ್ಟು ವಯಸ್ಸಾಗಿರಬೇಕು ಅಂತ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಮಕ್ಕಳ ಕನ್ನಡ

ನನ್ನ ಮಕ್ಕಳಿಗೆ ಕನ್ನಡ ಅರ್ಥ ಆಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ತಪ್ಪು ನನ್ನದೇ, ನಾನೇ ಬಿಟ್ಟುಕೊಟ್ಟಿದ್ದೆ. ಹೊರಡುವ ಎಂಟು ತಿಂಗಳ ಮುಂಚೆ ಶುರು ಮಾಡಿದೆವು. ನಾನು ಅವರ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡಲಿಲ್ಲ. ದಿನಾ ರಾತ್ರಿ ಅಮ್ಮ ಫೋನಲ್ಲಿ ಒಂದು ಕಥೆ ಹೇಳುತ್ತಿದ್ದರು, ಕಥೆಯ ಕೊನೆಯನ್ನು ಮಕ್ಕಳೇ ಹೇಳಬೇಕಿತ್ತು. ಮಗಳಿಗೆ ಅಕ್ಷರಕ್ಕಿಂತ ಮೊದಲು ತನ್ನ ಹೆಸರು, ನಂತರ ಮನೆಯವರ ಹೆಸರು, ಆಮೇಲೆ ತಿಂಡಿಗಳ ಹೆಸರು ಬರೆಯಲು ಕಲಿಸಿದೆ. ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಅವಳಿಗೇ ಹುರುಪು ಬಂದಿತ್ತು. ದೆಹಲಿಯಲ್ಲೇ ಇರುವವರಿಗೆ ಲೋಧಿ ಎಸ್ಟೇಟಿನ ಕನ್ನಡ ಶಾಲೆ, ಆರ್.ಕೆ. ಪುರಂನ ಕರ್ನಾಟಕ ಸಂಘ ಇವೆ. ಹೊರಡುವ ಮುಂಚೆ ಮಕ್ಕಳು ನಾಲ್ಕು ಜನ ಕನ್ನಡ ಮಾತಾಡುವುದನ್ನು ಕೇಳುವಂತಾಗಲಿ.

ಕರ್ನಾಟಕದಲ್ಲಿ ಸಿಬಿಎಸ್‌ಇ ಶಾಲೆಯೇ ಇರಲಿ, ಕನ್ನಡ ಕಲಿಸಲೇಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ. ಹಾಗಾಗಿ ಇದನ್ನು ಮುಂದೂಡಿ ಲಾಭ ಇಲ್ಲ.

ಮೂರನೇ ತರಗತಿ ಮುಗಿಸಿದ್ದ ಮಗಳನ್ನು ನಾವು ಊರಿನ ಸರ್ಕಾರಿ ಶಾಲೆಗೇ ಸೇರಿಸಿದೆವು. ಸಾಗರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ವ್ಯಾನಲ್ಲಿ ಹೋಗಿ ಬರುವುದೇ ದಿನಕ್ಕೆ ಒಂದೂವರೆ ಗಂಟೆ. ಇಲ್ಲಿ ತೋಟದ ದಾರಿಯಲ್ಲಿ ಹದಿನೈದು ನಿಮಿಷದ ನಡಿಗೆ. ಮೊದಲ ಎರಡು ತಿಂಗಳು ಅವಳು ಕ್ಲಾಸಲ್ಲಿ ಮಾತೇ ಆಡಲಿಲ್ಲ ಅಂತ ಮೇಡಂ ಹೇಳಿದರು. ನಾನು ರಾತ್ರಿ ಅತ್ತಿದ್ದೇನೆ. ದಸರಾ ರಜೆಯ ಹೊತ್ತಿಗೆ ಸರಿಹೋಯಿತು. ಹೆದರಿ ಮೊದಲ ತಿಂಗಳಲ್ಲೇ ಶಾಲೆ ಬದಲಿಸಬೇಡಿ. ಇಂಗ್ಲಿಷನ್ನು ನನ್ನ ಗಂಡ ಮನೆಯಲ್ಲಿ ಹೇಳಿಕೊಡುತ್ತಾರೆ. ಅವರ ಕನ್ನಡವನ್ನು ಮಕ್ಕಳು ತಿದ್ದುತ್ತಾರೆ. ನನ್ನ ಕನ್ನಡವೂ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಮೊದಲ ದಿನ ಪಕ್ಕದ ಮನೆಯವರು "ಆಸ್ರಿಗೆ ಬೇಕಾ?" ಅಂದಾಗ ಕುಡಿಯಲು ಏನಾದರೂ ಬೇಕಾ ಅಂತ ಕೇಳುತ್ತಿದ್ದಾರೆ ಅನ್ನುವುದು ನನಗೆ ಹೊಳೆಯಲಿಲ್ಲ.

ಸಾಮಾನು

ಪ್ಲೈವುಡ್ಡಿನ, ಅದಕ್ಕಿಂತ ಅಗ್ಗದ ಹೊಟ್ಟು ಒತ್ತಿ ಮಾಡಿದ ಹಲಗೆಯ ಸಾಮಾನು ತರಲೇಬೇಡಿ. ನಮ್ಮ ಓದುವ ಮೇಜು ಮೊದಲ ಆಗಸ್ಟ್‌ನಲ್ಲೇ ಉಬ್ಬಿ ಬಿರಿಯಿತು. ದಪ್ಪ ಸ್ಪಂಜಿನ ಸೋಫಾ, ಚರ್ಮದ ಬ್ಯಾಗು, ಬೂಟು, ಕೂಲರ್, ಎಸಿ ಎಲ್ಲ ಮಾರಿಬನ್ನಿ. ಸ್ಟೀಲ್ ಪಾತ್ರೆ, ಗಟ್ಟಿಮರದ ಮಂಚ, ವಾಷಿಂಗ್ ಮಷೀನ್, ಹತ್ತಿಯ ತೆಳು ಹೊದಿಕೆಗಳು ಬರಲಿ. ಪುಸ್ತಕ ತನ್ನಿ, ಆದರೆ ಗೋಡೆಗೆ ತಾಗದ ಹಾಗೆ ಜೋಡಿಸಿ.

ಲಾರಿಯ ವಿಷಯದಲ್ಲಿ ನಾವು ಸರಿಯಾಗಿ ಪೆಟ್ಟು ತಿಂದೆವು. ಒಂದು ಕಂಪನಿಗೆ ಮುಂಗಡ ಕೊಟ್ಟಿದ್ದೆವು. ಸಾಗರಕ್ಕೆ ಬಂದ ಲಾರಿ ಮುಖ್ಯರಸ್ತೆಯಲ್ಲೇ ನಿಂತುಬಿಟ್ಟಿತು. ಮಣ್ಣಿನ ದಾರಿಗೆ ಇಳಿಸುವುದಿಲ್ಲ ಅಂದ ಚಾಲಕ, ಇಳಿಸಲು ಮತ್ತೆ ಹಣ ಕೇಳಿದ. ಕೊನೆಗೆ ಊರಿನ ಎರಡು ಪಿಕಪ್ ಕರೆಸಿ ಕತ್ತಲಾಗುವವರೆಗೆ ಸಾಗಿಸಿದೆವು. ಮನೆಯ ಮುಂದಿನ ದಾರಿಯ ಫೋಟೋ, ಕೊನೆಯ ತಿರುವಿನ ಅಗಲ ಮೊದಲೇ ಕಳಿಸಿ, "ಮನೆ ಬಾಗಿಲವರೆಗೆ" ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಸಾಮಾನಿನ ಪಟ್ಟಿಗೆ ಸಹಿ ಹಾಕಿಸಿ. ದಾರಿಯಲ್ಲಿ ಬೇರೆ ಲಾರಿಗೆ ಬದಲಿಸುತ್ತಾರಾ ಅಂತ ಕೇಳಿ. ವಿಮೆ ಮಾಡಿಸಿ. ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಹಾಕಬಹುದು, ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಆರ್‌ಸಿ ಮತ್ತು ವಿಮೆಯ ಪ್ರತಿ ಬೇಕು.

ಕಾಗದಪತ್ರ

ಎಲ್ಲಕ್ಕೂ ಮೊದಲು ಬಾಡಿಗೆ ಕರಾರು. ಹಳ್ಳಿಯಲ್ಲಿ ಬಾಯಿಮಾತಿನಲ್ಲೇ ಮನೆ ಕೊಡುತ್ತಾರೆ. ಕರಾರು ಕೇಳಿದರೆ ನಂಬಿಕೆ ಇಲ್ಲವಾ ಅಂತ ಬೇಜಾರಾಗಬಹುದು. ಮಕ್ಕಳ ಆಧಾರ್ ವಿಳಾಸಕ್ಕೆ ಬೇಕು ಅಂತ ವಿವರಿಸಿ ಹೇಳಿ, ಒಪ್ಪುತ್ತಾರೆ. ಆಧಾರ್ ವಿಳಾಸ ಬದಲಾದರೆ ಉಳಿದದ್ದೆಲ್ಲ ಸಲೀಸು. ಮತದಾರರ ಪಟ್ಟಿಗೆ ಫಾರಂ 8. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಅಲ್ಲೇ ಒಪ್ಪಿಸಿ ಠೇವಣಿ ಹಣ, ವೋಚರ್ ತಗೊಂಡು ಬನ್ನಿ. ಒಲೆ ನಿಮ್ಮದೇ.

ಕಾರಿನದ್ದು ಉದ್ದದ ಕೆಲಸ. ಹಳೆಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಹೊಸ ನಂಬರ್ ಮಾಡಿಸಲೇಬೇಕು. ಸಾಗರದ್ದು ಕೆಎ-15. ಇಲ್ಲಿನ ಆಜೀವ ತೆರಿಗೆ ಗಾಡಿಯ ವಯಸ್ಸಿನ ಮೇಲೆ ಲೆಕ್ಕ. ಅದನ್ನು ಕಟ್ಟಿದ ಮೇಲೆ ಹಳೆಯ ರಾಜ್ಯದಲ್ಲಿ ಉಳಿದ ವರ್ಷಗಳ ತೆರಿಗೆ ವಾಪಸ್ ಕೇಳಬಹುದು. ಎಷ್ಟು ತೆರಿಗೆ ಬೀಳುತ್ತದೆ ಅಂತ ಮೊದಲೇ ವಿಚಾರಿಸಿ. ಗಾಡಿ ಹಳೆಯದಾದರೆ ಅಲ್ಲೇ ಮಾರಿ ಇಲ್ಲಿ ಕೊಳ್ಳುವುದೇ ವಾಸಿ ಅನ್ನಿಸಬಹುದು.

ಇದಕ್ಕಿಂತ ಮುಖ್ಯವಾದದ್ದು, ಗಂಡ ಹೆಂಡತಿ ಇಬ್ಬರಿಗೂ ಗಾಡಿ ಓಡಿಸಲು ಬರಬೇಕು. ಕೊನೆಯ ಬಸ್ಸು ನಮ್ಮಲ್ಲಿ ಸಂಜೆ ಆರೂವರೆಗೆ. ಸ್ಕೂಟರ್ ಬರದ ಹೆಂಗಸು ಇಲ್ಲಿ ಮನೆಯಲ್ಲೇ ಕಟ್ಟಿಬೀಳುತ್ತಾಳೆ. ನಾನು ನೋಯ್ಡಾದಲ್ಲೇ ಕಲಿತು ಬಂದೆ. ದಯವಿಟ್ಟು ನೀವೂ ಕಲಿತು ಬನ್ನಿ.

ಜಮೀನು ಕೊಳ್ಳುವ ಆತುರ ಬೇಡ

ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದಕ್ಕೇ ಬಂದ ವಾರದಲ್ಲೇ ದಲ್ಲಾಳಿಗಳು ಹುಡುಕಿಕೊಂಡು ಬರುತ್ತಾರೆ. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆ ಮನೆಯಲ್ಲಿ ಕಳೆಯಿರಿ. ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಸರ್ವೆ ನಕ್ಷೆ ಇಷ್ಟನ್ನು ಯಾರಾದರೂ ಹೇಳುತ್ತಾರೆ. ಮಲೆನಾಡಿನಲ್ಲಿ ಇನ್ನೂ ಕೇಳಬೇಕಾದದ್ದಿದೆ. ತೋರಿಸಿದ ಜಾಗದಲ್ಲಿ ಎಷ್ಟು ಪಟ್ಟಾ, ಎಷ್ಟು ಸೊಪ್ಪಿನ ಬೆಟ್ಟ, ಎಷ್ಟು ಅರಣ್ಯ ಒತ್ತುವರಿ? ಬೆಟ್ಟದಲ್ಲಿ ತೋಟಕ್ಕೆ ಸೊಪ್ಪು ತರುವ ಹಕ್ಕು ಇರುತ್ತದೆ, ಅಲ್ಲಿ ಮನೆ ಕಟ್ಟಲು ಆಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅನುಮತಿ ಇಲ್ಲದ ಮಾರಾಟ ಕಾನೂನಿನ ಮುಂದೆ ನಿಲ್ಲುವುದಿಲ್ಲ. ದಾರಿಯ ಹಕ್ಕು ಪತ್ರದಲ್ಲಿದೆಯಾ ನೋಡಿ. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ, ಮಾರುವವರು ತೋರಿಸಿದವರನ್ನಲ್ಲ.

ಕೆಲಸ, ಕರೆಂಟು

ಮನೆಯಿಂದ ಕೆಲಸ ಮಾಡಲು ಒಪ್ಪಿಗೆಯನ್ನು ಕಂಪನಿಯಿಂದ ಬರಹದಲ್ಲಿ ತಗೊಳ್ಳಿ. ಫೈಬರ್ ಲೈನು ಎಲ್ಲಿವರೆಗೆ ಬಂದಿದೆ ಅಂತ ನೋಡಿಯೇ ಮನೆ ಹಿಡಿಯಿರಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನಮ್ಮ ಎರಡು ಮೋಡೆಮ್ ಸುಟ್ಟವು. ಈಗ ಮೋಡ ಕಪ್ಪಾದ ಕೂಡಲೇ ಮಗ ಓಡಿಬಂದು ಪ್ಲಗ್ಗು ಕೀಳಿ ಅಂತ ಕೂಗುತ್ತಾನೆ. ಅರ್ಥಿಂಗ್ ಮಾಡಿಸಿ. ಲೈನ್‌ಮನ್ ನಂಬರ್ ಇರಲಿ. ಮಳೆಗಾಲದಲ್ಲಿ ಮರ ಬಿದ್ದ ತಂತಿ ಸರಿಮಾಡಲು ನಡುರಾತ್ರಿ ಹೋಗುವವರು ಅವರು, ಒಂದು ಲೋಟ ಬಿಸಿ ಕಾಫಿ ಕೊಡುವುದನ್ನು ಮರೆಯಬೇಡಿ.

ಆರೋಗ್ಯ

ಬಂದ ಮೊದಲ ವಾರದಲ್ಲೇ ಮಕ್ಕಳ ವೈದ್ಯರನ್ನು ಕಂಡುಬನ್ನಿ, ಹಳೇ ಚೀಟಿ, ಲಸಿಕೆ ಕಾರ್ಡಿನ ಸಮೇತ. ಸಾಗರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ದೊಡ್ಡದಕ್ಕೆಲ್ಲ ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗ. ರಾತ್ರಿ ಹೊತ್ತು ಯಾರ ಮನೆಯಲ್ಲಿ ಜೀಪು ಇದೆ ಅಂತ ತಿಳಿದುಕೊಳ್ಳಿ. 108ಕ್ಕೆ ದಾರಿ ಹೇಗೆ ಹೇಳಬೇಕು ಅಂತ ಕಾಗದದ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿ.

ಹಾವು ಕಡಿದರೆ ನಾಟಿ ಮದ್ದು, ಕಟ್ಟು, ಕೊಯ್ಯುವುದು ಯಾವುದೂ ಬೇಡ, ಸೀದಾ ಆಸ್ಪತ್ರೆ. ಮಳೆಗಾಲದ ಉಂಬಳಕ್ಕೆ (ಜಿಗಣೆ) ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಒಣಗಾಲದ ಉಣುಗಿಗೆ (ಉಣ್ಣೆ), ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಆ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಮಕ್ಕಳನ್ನು ಸುಮ್ನೆ ಕಾಡಿಗೆ ಬಿಡಬೇಡಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿಸಿ ಮೈ ನೋಡಿ. ಸತ್ತ ಮಂಗ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಕೊನೆಯದಾಗಿ ನೆಬ್ಯುಲೈಜರ್ ವಿಷಯ. ನಾವು ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದೆವು, ವೈದ್ಯರು ಬೇಡ ಅಂದರು. ಅವರು ಹೇಳಿದ್ದು ಸರಿ. ಮೊದಲ ಮಳೆಗಾಲದಲ್ಲಿ, ಮಲಗುವ ಕೋಣೆಯ ಗೋಡೆಗೆ ಬೂಸ್ಟು ಹತ್ತಿದಾಗ ಮಗಳಿಗೆ ಮತ್ತೆ ಉಬ್ಬಸ ಬಂತು. ಮಂಚವನ್ನು ಗೋಡೆಯಿಂದ ಒಂದು ಅಡಿ ಈಚೆ ಎಳೆದೆವು. ಹಾಸಿಗೆ ಬದಲಿಸಿ, ಗೋಡೆ ಒರೆಸಿ, ಬಚ್ಚಲೊಲೆಯ ಹೊಗೆ ಒಳಗೆ ಬರದ ಹಾಗೆ ಬಾಗಿಲು ಹಾಕಿಸಿದೆವು. ಎರಡನೇ ಮಳೆಗಾಲದಲ್ಲಿ ನಾಲ್ಕು ಸಲ ಮಾತ್ರ ಅದು ಬೇಕಾಯಿತು. ನವೆಂಬರ್‌ನಲ್ಲಿ ಒಂದು ಸಲವೂ ಇಲ್ಲ. ಅದನ್ನು ಬೀರುವಿನೊಳಗೆ, ಬಲ್ಬಿನ ಪಕ್ಕದ ಅರೆಯಲ್ಲಿ ಇಟ್ಟಿದ್ದೇನೆ.